ಇಳಿತದ ಹೊತ್ತಿನ ಅಳತೆ

ಹೆರ್ತೀನಾಳಿಗೆ ಒಂದಕ್ಕೆ ಹೋಗಬೇಕಾಗಿತ್ತು.

ಎಡಗೈ ಎತ್ತಿದ್ದಳು. ಕೋಳಿ ಕಾರ್ಖಾನೆಯಲ್ಲಿ ಅದೇ ಪದ್ಧತಿ. ಬಾಯಿ ಬಿಟ್ಟು ಕೇಳಿ ಪ್ರಯೋಜನವಿಲ್ಲ, ಯಂತ್ರಗಳ ಸದ್ದಿನಲ್ಲಿ ಯಾರ ಮಾತೂ ಯಾರಿಗೂ ಕೇಳುವುದಿಲ್ಲ. ಕೈ ಎತ್ತಬೇಕು. ಸೂಪರ್‌ವೈಸರ್ ನೋಡಬೇಕು. ಬದಲಿ ಆಳನ್ನು ಕಳಿಸಬೇಕು. ಆಮೇಲೆ ಜಾಗ ಬಿಡಬೇಕು. ಅಷ್ಟರವರೆಗೆ ಎತ್ತಿದ ಕೈಯನ್ನು ಇಳಿಸಿ, ಕೋಳಿ ಕುಯ್ದು, ಮತ್ತೆ ಎತ್ತಬೇಕು. ಇಳಿಸಬೇಕು, ಕುಯ್ಯಬೇಕು, ಎತ್ತಬೇಕು. ಹೇಳದೆ ಕೇಳದೆ ಜಾಗ ಬಿಟ್ಟವರು ಮರುದಿನ ಬರುವ ಅಗತ್ಯವಿಲ್ಲ.

ಬೆಲ್ಟಿನ ಮೇಲೆ ಕೋಳಿಗಳು ಬರುತ್ತಲೇ ಇದ್ದವು. ತಲೆಯಿಲ್ಲ, ಪುಕ್ಕವಿಲ್ಲ, ಪಾದವಿಲ್ಲ. ರೆಕ್ಕೆಯ ಸಂದಿಗೆ ಕತ್ತಿ ಹಾಕು, ತಿರುವು, ಎಳೆ. ಅಷ್ಟರಲ್ಲಿ ಇನ್ನೊಂದು ಎದುರಿಗಿರುತ್ತದೆ. ನೆಲದ ಮೇಲೆ ಸದಾ ನೀರು. ಮಾಂಸ ಕೆಡಬಾರದೆಂದು ಇಡೀ ಮನೆಯನ್ನು ಮಂಜುಗಡ್ಡೆಯ ಹಾಗೆ ತಣ್ಣಗಿಟ್ಟಿರುತ್ತಾರೆ. ಅಲ್ಲಿ ಕೆಡುವುದು ಮನುಷ್ಯರು ಮಾತ್ರ.

ಹೆರ್ತೀನಾ ಆರು ತಿಂಗಳ ಬಸುರಿ. ಹೊಟ್ಟೆ ಬೆಲ್ಟಿನ ಅಂಚಿಗೆ ತಾಗುತ್ತಿತ್ತು. ಒಳಗಿನ ಮಗು ಬೇಕೆಂದೇ ಅಲ್ಲಿಗೇ ಒದೆಯುತ್ತಿತ್ತು.

ಸಾಲಿನ ಕೊನೆಯ ಎತ್ತರದ ಕಟ್ಟೆಯ ಮೇಲೆ ಲೊರೀನ್ ನಿಂತಿದ್ದಳು. ಸೂಪರ್‌ವೈಸರ್. ಅವಳು ಹೆರ್ತೀನಾಳನ್ನು ನೋಡಿದಳು. ನೋಡಿದ್ದನ್ನು ಹೆರ್ತೀನಾ ನೋಡಿದಳು. ಲೊರೀನ್ ಗೋಡೆಯ ಗಡಿಯಾರದ ಕಡೆ ಒಮ್ಮೆ ಕಣ್ಣು ಹಾಯಿಸಿ ಮುಖ ತಿರುಗಿಸಿದಳು.

ಪಕ್ಕದಲ್ಲಿ ಕುಯ್ಯುತ್ತಿದ್ದ ಕಿಮಿಯೆ ಕಿವಿಗೆ ಬಾಯಿಟ್ಟು ಕಿರುಚಿದಳು. ಹೆರ್ತೀನಾಳ ದೊಡ್ಡಮ್ಮನ ಮಗಳು ಅವಳು, ಒಂದೇ ದ್ವೀಪದ ಮರಳಿನಲ್ಲಿ ಹೊರಳಾಡಿ ಬೆಳೆದವರು ಇಬ್ಬರೂ. "ಡೈಪರ್ ಹಾಕ್ಕೊಂಡ್ ಬಾರೇ ಅಂತ ಎಷ್ಟ್ ಸಲ ಬಡ್ಕೊಳ್ಳಿ? ನಾವೆಲ್ಲ ಹಾಕ್ಕೊಳಲ್ವಾ?"

"ಹುಟ್ಟೋ ಮಗೂಗೆ ಹಾಕ್ತೀನಿ. ನಾನ್ ಹಾಕ್ಕೊಳಲ್ಲ."

"ಹಾಗಾದ್ರೆ ಯೇಸುನ ಕರಿ, ಬದಲಿ ಆಳಾಗಿ ಬರ್ತಾನೆ."

"ಬಂದಾನು!"

"ಬಂದ್ರೆ ಲೊರೀನ್ ಬಿಡ್ತಾಳಾ? ಏಪ್ರನ್ ಕಟ್ಟಿ ಕತ್ತಿ ಕೊಟ್ಟು ನಿಲ್ಲಿಸ್ತಾಳೆ. ಅವನೂ ಕೈ ಎತ್ಕೊಂಡು ನಿಂತಿರ್ಬೇಕು."

ಹೆರ್ತೀನಾಳಿಗೆ ನಗು ಬಂತು. ನಗಬಾರದಿತ್ತು.

ಮೊದಲು ಬೆಚ್ಚಗಾಯಿತು. ತೊಡೆಯಿಂದ ಮೊಣಕಾಲಿಗೆ, ಅಲ್ಲಿಂದ ರಬ್ಬರ್ ಬೂಟಿನೊಳಕ್ಕೆ. ಆ ಚಳಿಯ ಮನೆಯಲ್ಲಿ ಅವಳ ಕಾಲು ಬೆಚ್ಚಗಾದದ್ದು ಅದೊಂದೇ ಸಲ. ಆಮೇಲೆ ತಣ್ಣಗಾಯಿತು. ಅವಳು ಎಡಗೈ ಇಳಿಸಿದಳು. ಕುಯ್ಯುವುದನ್ನು ನಿಲ್ಲಿಸಲಿಲ್ಲ. ಪಾಳಿ ಮುಗಿಯುವವರೆಗೂ ಬೂಟಿನೊಳಗೆ ಬೆರಳುಗಳು ಅದರಲ್ಲೇ ನೆನೆಯುತ್ತಿದ್ದವು. ಅದು ಮಂಗಳವಾರ.

ಬಟ್ಟೆ ಬದಲಿಸುವ ಕೋಣೆಗೆ ಲೊರೀನ್ ಬಂದಳು. ಕೈಯಲ್ಲಿ ಅಂಗಡಿಯ ಚೀಲ. ಅದರಲ್ಲಿ ದೊಡ್ಡವರು ಹಾಕಿಕೊಳ್ಳುವ ಡೈಪರಿನ ಕಟ್ಟು.

"ತಗೋ ಹೆರ್ತೀನಾ. ನನ್ ಕಡೆಯಿಂದ. ನಾಚ್ಕೋಬೇಡ."

ಹೆರ್ತೀನಾ ತೆಗೆದುಕೊಳ್ಳಲಿಲ್ಲ. ಲೊರೀನ್ ಚೀಲವನ್ನು ಬೆಂಚಿನ ಮೇಲಿಟ್ಟಳು. ಹೋಗುತ್ತಾ ಬಾಗಿಲಲ್ಲಿ ತಿರುಗಿದಳು.

"ಭಾನುವಾರ ಗುಡಿಗೆ ಪರೀಕ್ಷೆ ಮಾಡೋರು ಬರ್ತಾರೆ, ಗೊತ್ತಲ್ಲ? ಪಾದ ತೊಳೆಯೋ ಸೇವೇಲಿ ನಿನ್ ಪಾದ ನಾನೇ ತೊಳೀಬೇಕು ಅಂತ ಪಾಸ್ಟರ್ ಹೇಳಿದಾರೆ." ಅವಳ ಕಣ್ಣು ಹೆರ್ತೀನಾಳ ಬರಿಗಾಲಿನ ಮೇಲೆ ಬಿತ್ತು. ನೆನೆದು ಸುಣ್ಣದ ಹಾಗೆ ಬಿಳಿಚಿದ ಚರ್ಮ, ಬೆರಳ ಸಂದಿಯಲ್ಲಿ ಸೀಳು, ಉಗುರಿನ ಬುಡದಲ್ಲಿ ಕೀವು. "ಚೆನ್ನಾಗ್ ತೊಳ್ಕೊಂಡ್ ಬಾ. ಎಣ್ಣೆಗಿಣ್ಣೆ ಹಚ್ಕೋ. ಎಲ್ರೂ ನೋಡ್ತಿರ್ತಾರೆ."

ವಾರವೆಲ್ಲ ಸೂಪರ್‌ವೈಸರ್ ಆದ ಲೊರೀನ್ ಭಾನುವಾರ ಗುಡ್ಡದ ಮೇಲಿನ ಇಟ್ಟಿಗೆ ಗುಡಿಯ ಸಭೆಗೆ ಹಿರಿಯ ಸೇವಕಿ.

*

ಆ ಗುಡಿಗೆ ಎರಡು ಅಂತಸ್ತು. ಮೇಲೆ ಕೆಂಪು ಜಮಖಾನ, ಮೆತ್ತೆ ಹಾಕಿದ ಬೆಂಚುಗಳು, ಆರ್ಗನ್ನು. ಅದು ಆರ್ಕನ್ಸಾದ ಊರಿನವರದು. ಕೆಳಗೆ ನೆಲಮಾಳಿಗೆ. ಅಲ್ಲಿ ಮಡಚುವ ಕುರ್ಚಿಗಳು, ತಲೆಗೆ ತಾಗುವ ಕೊಳವೆಗಳು, ಒದ್ದೆ ಗೋಡೆ. ಅದು ಮಾರ್ಷಲ್ ದ್ವೀಪಗಳಿಂದ ಕೋಳಿ ಕುಯ್ಯಲು ಬಂದವರದು. ದೇವರು ಒಬ್ಬನೇ. ಬೆಳಿಗ್ಗೆ ಮೇಲಿರುತ್ತಾನೆ, ಮೇಲಿನವರು ಊಟಕ್ಕೆ ಮನೆಗೆ ಹೋದ ಮೇಲೆ ಕೆಳಗೆ ಬರುತ್ತಾನೆ.

ನೆಲಮಾಳಿಗೆಯ ಪಾಯಿಖಾನೆ ಅವರು ಬಂದಾಗಿನಿಂದಲೂ ಕೆಟ್ಟಿತ್ತು. ಬಾಗಿಲಿಗೆ ಅಡ್ಡಪಟ್ಟಿ ಹೊಡೆದಿದ್ದರು. ಮೇಲಿನದಕ್ಕೆ ಬೆಳಗಿನ ಆರಾಧನೆ ಮುಗಿದ ತಕ್ಷಣ ಬೀಗ. ಕೀರ್ತನೆಯ ನಡುವೆ ಒಂದಕ್ಕೆ ಬಂದರೆ ದ್ವೀಪದವರು ಗುಡ್ಡ ಇಳಿದು, ಹೆದ್ದಾರಿ ದಾಟಿ, ಪೆಟ್ರೋಲ್ ಬಂಕಿಗೆ ಹೋಗಬೇಕು. ಹೆರ್ತೀನಾಳ ಬುಬು, ಅಂದರೆ ಅಜ್ಜಿ, ಕೋಲೂರಿಕೊಂಡು ಹೋಗಿ ಬರುವಷ್ಟರಲ್ಲಿ ಪ್ರಸಂಗ ಮುಗಿದಿರುತ್ತಿತ್ತು. "ನಾನು ಪೆಟ್ರೋಲ್ ಬಂಕಿನ ಸಭೆಗೆ ಸೇರಿದವಳು" ಎಂದು ಮುದುಕಿ ನಗುತ್ತಿದ್ದಳು.

ಬುಧವಾರದ ಪ್ರಾರ್ಥನೆಗೆ ಪಾಸ್ಟರ್ ಡೆನ್ನಿ ಅಪರೂಪಕ್ಕೆ ಕೆಳಗಿಳಿದು ಬಂದರು. ಸಕ್ಕರೆ ಸವರಿದ ಡೋನಟ್ಟಿನ ಡಬ್ಬ ತಂದಿದ್ದರು. ಕೆಟ್ಟ ಮನುಷ್ಯರಲ್ಲ. ಮಕ್ಕಳ ತಲೆ ಸವರುತ್ತಿದ್ದರು, ಯಾರಾದರೂ ಸತ್ತರೆ ನಿಜವಾಗಿಯೂ ಅಳುತ್ತಿದ್ದರು.

"ಜಿಲ್ಲಾ ಸಂಘದಿಂದ ಬರ್ತಾರೆ" ಎಂದರು. "ನಮ್ಮ ಸಭೆಯ ಆತ್ಮಿಕ ಆರೋಗ್ಯ ನೋಡೋಕೆ. ಪ್ರಾರ್ಥನೆ ಇದೆಯಾ, ಪ್ರೀತಿ ಇದೆಯಾ, ಬೆಳೀತಾ ಇದೆಯಾ ಅಂತ. ಹೋದ್ಸಲ ಬಂದವರು ಒಣಗ್ತಿರೋ ಮರ ಅಂದ್ಬಿಟ್ರು. ಈ ಸಲಾನೂ ಹಾಗೇ ಅಂದ್ರೆ ಗುಡಿ ಮುಚ್ಚಿ ಪಟ್ಟಣದ ಸಭೆಗೆ ಸೇರಿಸ್ಬಿಡ್ತಾರೆ."

ಮೇಲಿನ ಬೆಂಚುಗಳು ಖಾಲಿಯಾಗುತ್ತಿದ್ದದ್ದು ಎಲ್ಲರಿಗೂ ಗೊತ್ತು. ಮೇಲಿನವರು ಹೆಚ್ಚುತ್ತಿದ್ದದ್ದು ಸ್ಮಶಾನದಲ್ಲಿ ಮಾತ್ರ.

"ಅದಕ್ಕೇ ಈ ಭಾನುವಾರ ನೀವೆಲ್ಲ ಮೇಲೆ ಬನ್ನಿ. ನೀವೇ ನಮ್ಮ ಬೆಳವಣಿಗೆ. ಆದ್ರೆ ಒಂದೇ ಕಡೆ ಗುಂಪಾಗಿ ಕೂರ್ಬೇಡಿ. ಬೆಂಚಿಗೆ ಇಬ್ಬಿಬ್ರು."

"ಅನ್ನಕ್ಕೆ ಉಪ್ಪು ಉದುರಿಸ್ದಂಗೆ" ಎಂದಳು ಕಿಮಿಯೆ.

"ಹ್ಞಾ! ನೀವು ಭೂಮಿಗೆ ಉಪ್ಪು ಅಂತ ಸ್ವಾಮಿಯೇ ಹೇಳಿಲ್ವಾ!" ಪಾಸ್ಟರ್ ಸಂತೋಷದಿಂದ ನಕ್ಕರು.

ಹೆರ್ತೀನಾ ಕೇಳಿದಳು. "ಅದರ ಮುಂದಿನ ಭಾನುವಾರ?"

"ಅಂ?"

"ಅವತ್ತೂ ಮೇಲೆ ಕೂರ್ಬೋದಾ?"

"ಮುಂದಿಂದು ಮುಂದೆ ನೋಡೋಣಮ್ಮ. ಮೊದ್ಲು ಈ ಪರೀಕ್ಷೆ ದಾಟೋಣ."

ಎಲ್ಲ ಹೋದ ಮೇಲೆ ಅವಳು ಪಾಸ್ಟರನ್ನು ಮೆಟ್ಟಿಲ ಬಳಿ ತಡೆದಳು. ಮಂಗಳವಾರದ್ದನ್ನು ಹೇಳಿದಳು. ಹೇಳುವಾಗ ಮುಖ ಸುಟ್ಟು ಹೋಯಿತು. ಒದ್ದೆಯಾದದ್ದನ್ನು ಹೇಳಿದಳು, ಬೂಟಿನದನ್ನು ಹೇಳಿದಳು. ಆಸ್ಪತ್ರೆಯವರು ಮೂತ್ರ ಕಟ್ಟಿಕೊಳ್ಳಬೇಡ, ಮಗುವಿಗೆ ಕೇಡು ಎಂದದ್ದನ್ನು ಹೇಳಿದಳು.

"ಲೊರೀನ್ ಸಿಸ್ಟರ್‌ಗೆ ನೀವೊಂದ್ ಮಾತು ಹೇಳಿ ಪಾಸ್ಟರೇ. ನಿಮ್ ಮಾತು ತೆಗೆದುಹಾಕಲ್ಲ ಅವ್ರು."

ಪಾಸ್ಟರ್ ನೆಲ ನೋಡಿದರು. "ಕಾರ್ಖಾನೆ ವಿಷಯ ಸಭೆಗೆ ತರಬಾರ್ದಮ್ಮ. ಚಕ್ರವರ್ತಿ ಕೈಸರನದು ಕೈಸರನಿಗೆ, ದೇವರದು ದೇವರಿಗೆ ಅಂತ ವಾಕ್ಯ ಇದೆಯಲ್ಲ."

"ಒಂದಕ್ಕೆ ಹೋಗೋದು ಯಾರದು ಪಾಸ್ಟರೇ? ಕೈಸರನದಾ, ದೇವರದಾ?"

ಅವರ ಕಿವಿ ಕೆಂಪಾಯಿತು. ಅವಳ ತಲೆಯ ಮೇಲೆ ಕೈಯಿಟ್ಟು ಕಣ್ಣು ಮುಚ್ಚಿ ಪ್ರಾರ್ಥನೆ ಮಾಡಿದರು. ಉದ್ದನೆಯ ಪ್ರಾರ್ಥನೆ. ಅದರಲ್ಲಿ ತಾಳ್ಮೆ ಎಂಬ ಮಾತು ಮತ್ತೆ ಮತ್ತೆ ಬಂತು. ಕಣ್ಣು ಬಿಟ್ಟವರು ಗೆಲುವಾಗಿದ್ದರು.

"ಭಾನುವಾರ ನೀನೊಂದು ಸಾಕ್ಷಿ ಹೇಳು. ಪಾದ ತೊಳೆಯೋ ಹೊತ್ತಲ್ಲಿ. ಈ ಸಭೆ ನನ್ನನ್ನ ಹೇಗೆ ಬೆಳೆಸಿತು ಅಂತ ಎರಡೇ ಮಾತು. ನಿನ್ ಇಂಗ್ಲಿಷು ಚೆನ್ನಾಗಿದೆ." ಅವಳ ಹೊಟ್ಟೆ ನೋಡಿ ಕಣ್ಣು ಮಿಟುಕಿಸಿದರು. "ಇದನ್ನೂ ಸೇರಿಸಿದ್ರೆ ಇನ್ನೊಂದಾತ್ಮ ಜಾಸ್ತಿ ಆಯ್ತು ನಮಗೆ!"

ಅವರು ಮೆಟ್ಟಿಲು ಹತ್ತಿ ಹೋದರು. ಹೆರ್ತೀನಾ ಗುಡ್ಡ ಇಳಿದು ಪೆಟ್ರೋಲ್ ಬಂಕಿಗೆ ಹೋದಳು.

*

ಶನಿವಾರ ಮಧ್ಯಾಹ್ನ ಬುಬು ಪ್ಲಾಸ್ಟಿಕ್ ಬೋಗುಣಿಯಲ್ಲಿ ಬಿಸಿನೀರು ತಂದಿಟ್ಟಳು. ಹೆರ್ತೀನಾ ಕಾಲು ಇಳಿಬಿಟ್ಟಳು. ಸೀಳಿದ ಸಂದಿಗೆ ನೀರು ತಾಗಿ ಜೀವ ಹೋದಂತಾಯಿತು.

"ಇದ್ಯಾಕೆ ಇವತ್ತು?" ಎಂದಳು ಬುಬು.

"ನಾಳೆ ಲೊರೀನ್ ತೊಳೀತಾಳಲ್ಲ. ತೊಳ್ಕೊಂಡ್ ಬಾ ಅಂದಿದಾಳೆ."

"ತೊಳೆಸ್ಕೊಳ್ಳೋಕೆ ತೊಳ್ಕೊಂಡ್ ಹೋಗ್ಬೇಕಾ?"

"ಮೇಲಿನೋರೆಲ್ಲ ಹಾಗೇನೆ ಬುಬು. ಮನೇಲೇ ಸೋಪು ಹಾಕಿ ಉಜ್ಜಿ, ಉಗುರಿಗೆ ಬಣ್ಣ ಹಚ್ಕೊಂಡು ಹೊಸ ಕಾಲ್ಚೀಲ ಹಾಕ್ಕೊಂಡ್ ಬರ್ತಾರೆ."

ನಿಜ. ವರ್ಷಕ್ಕೆರಡು ಸಲ ಮೇಲೆ ಪಾದ ತೊಳೆಯುವ ಸೇವೆ ನಡೆಯುತ್ತಿತ್ತು. ಬೋಗುಣಿಗೆ ಹೊಯ್ದ ನೀರು ಹೊಯ್ದಷ್ಟೇ ತಿಳಿಯಾಗಿ ಹೊರಗೆ ಹೋಗುತ್ತಿತ್ತು. ಕೊಳೆಯಿದ್ದ ಕಾಲನ್ನು ಅಲ್ಲಿ ಯಾರೂ ಯಾರಿಗೂ ಒಡ್ಡಿರಲಿಲ್ಲ. ಸ್ವಾಮಿ ತನ್ನ ಶಿಷ್ಯರ ದಾರಿ ಧೂಳು ತೊಳೆದದ್ದನ್ನು ಕಣ್ಣೀರಿಟ್ಟು ನೆನೆಯುತ್ತಿದ್ದರು, ಅಷ್ಟೆ.

ಬುಬು ಮೊಮ್ಮಗಳ ಒಂದು ಪಾದವನ್ನು ತನ್ನ ಮಡಿಲಿಗೆಳೆದುಕೊಂಡಳು. ತಿರುಗಿಸಿ ನೋಡಿದಳು. ಆಮೇಲೆ ತನ್ನ ಕತ್ತಿನ ಮೇಲಿದ್ದ ಹಳೆಯ ಗಾಯದ ಗೆರೆಯನ್ನು ಬೆರಳಿಂದ ಸವರಿಕೊಂಡಳು. ಅವಳು ಚಿಕ್ಕವಳಿದ್ದಾಗ ದ್ವೀಪದಾಚೆ ಪರೀಕ್ಷೆಗೆಂದು ಸಿಡಿಸಿದ ಅಣುಬಾಂಬಿನಿಂದ ಬಿಳಿ ಬೂದಿ ಆಕಾಶದಿಂದ ಉದುರಿತ್ತು. ಮಕ್ಕಳು ಅದರಲ್ಲಿ ಆಡಿದ್ದರು. ವರ್ಷಗಳ ಮೇಲೆ ಅವಳ ಕತ್ತು ಊದಿ, ಕುಯ್ಯಿಸಬೇಕಾಗಿ ಬಂದಿತ್ತು.

"ವರ್ಷಾ ವರ್ಷಾ ಹಡಗಲ್ಲಿ ಡಾಕ್ಟರು ಬರೋರು" ಎಂದಳು. "ಹೇಗಿದೀಯಾ ಅನ್ನೋರು. ನಾಲಿಗೆ ಚಾಚು, ನಿಂತ್ಕೋ, ತೂಕ ನೋಡು, ಕತ್ತು ಅಳಿ. ನಾನು ನೋಯ್ತಿದೆ ಅನ್ನೋಳು. ಹೌದಾ ಅನ್ನೋರು, ಬರ್ಕೊಳೋರು, ಹಡಗು ಹತ್ತೋರು. ಕೇಳೋರೆಲ್ಲ ವಾಸಿ ಮಾಡೋಕೇ ಕೇಳ್ತಾರೆ ಅಂತ ತಿಳ್ಕೋಬೇಡ ಮಗಾ."

"ನಾಳೆ ಬರೋರು ಡಾಕ್ಟರಲ್ಲ ಬುಬು."

"ದೊರೆ ದ್ವೀಪ ಅಳೆದ ಕಥೆ ಹೇಳಿದ್ನಲ್ಲ, ಮರ್ತುಬಿಟ್ಯಾ?"

ಮರೆತಿರಲಿಲ್ಲ. ಆದರೂ ಹೇಳು ಎಂದಳು. ಬುಬು ಹೇಳುವಾಗ ಒದ್ದೆ ಗೋಡೆಯ ಆ ಬಾಡಿಗೆ ಮನೆ ಸ್ವಲ್ಪ ಹೊತ್ತು ತೇಲುತ್ತಿತ್ತು.

ಒಬ್ಬ ದೊರೆಯಿದ್ದನಂತೆ. ಅವನದೊಂದು ಪುಟ್ಟ ದ್ವೀಪ. ಸಮುದ್ರದ ಅರಸು ಬಂದು, ನಿನ್ನ ದ್ವೀಪ ದೊಡ್ಡದಾದರೆ ಉಳಿಸುತ್ತೇನೆ, ಸಣ್ಣದಾದರೆ ನುಂಗುತ್ತೇನೆ, ನಾಳೆ ಅಳೆದಿಡು ಎಂದನಂತೆ. ದೊರೆ ಇಳಿತದ ಹೊತ್ತು ನೋಡಿದ. ನೀರು ಹಿಂದೆ ಸರಿದು ಹವಳದ ಬಂಡೆಯೆಲ್ಲ ಬಯಲಾಗಿತ್ತು. ಆ ಬಂಡೆಯ ಮೇಲೆ ಸಿಂಪಿ ಆಯುವ ಬಡವರನ್ನೆಲ್ಲ ಕರೆದು, ಅಲ್ಲಲ್ಲೇ ನಿಂತುಕೊಳ್ಳಿ, ನೀವು ನಿಂತಿರುವಷ್ಟೂ ನನ್ನ ದ್ವೀಪವೇ ಎಂದ. ನಿಂತರು. ಅಳೆದ. ದ್ವೀಪ ದೊಡ್ಡದಾಯಿತು. ಡೋಲು ಹೊಡೆದರು, ಹಂದಿ ಸುಟ್ಟರು. ಅಷ್ಟರಲ್ಲಿ ಉಬ್ಬರ ಬಂತು. ಬಂಡೆಯ ಮೇಲಿದ್ದವರು ನೀರು ಬಂತು ನೀರು ಬಂತು ಎಂದು ಕೈ ಎತ್ತಿದರು. ದಡದಲ್ಲಿದ್ದವರು, ನೋಡಿ ನೋಡಿ, ನಮ್ಮ ಜನ ಎಷ್ಟು ಸಂತೋಷದಿಂದ ಕೈಯೆತ್ತಿ ಕುಣಿಯುತ್ತಿದ್ದಾರೆ ಎಂದರಂತೆ.

"ಆಮೇಲೆ?" ಚಿಕ್ಕವಳಿದ್ದಾಗ ಕೇಳುತ್ತಿದ್ದ ಹಾಗೆಯೇ ಕೇಳಿದಳು.

"ಆಮೇಲೇನು. ಅಳತೆ ಸರಿಯಾಗೇ ಇತ್ತು."

ಬುಬು ಅವಳ ಪಾದವನ್ನು ಮಡಿಲಿಂದ ಇಳಿಸಿದಳು. ಬೋಗುಣಿ ಎತ್ತಿ ಅಂಗಳಕ್ಕೆ ನೀರು ಚೆಲ್ಲಿದಳು.

"ತೊಳ್ದಿದ್ ಸಾಕು. ತೊಳೆಯೋಳು ಅವಳಲ್ವಾ? ಅವಳೇ ತೊಳೀಲಿ."

ಕಿಮಿಯೆ ಆ ಸಂಜೆ ಅಕ್ಕಿ, ಡಬ್ಬದ ಮೀನು ಹಿಡಿದು ಬಂದವಳು ಪಾದದ ವಿಷಯ, ಸಾಕ್ಷಿಯ ವಿಷಯ ಕೇಳಿ ತಲೆ ಚಚ್ಚಿಕೊಂಡಳು. "ಸೋಮವಾರ ಲೈನಿಗೆ ಹೋಗ್ಬೇಕು ಕಣೇ. ಹೆರಿಗೆವರ್ಗೂ ಕೆಲ್ಸ ಉಳಿಸ್ಕೋಬೇಕು. ಹೋಗ್ಲಿ, ಎರಡು ಮಾತು ಸುಳ್ಳು ಹೇಳ್ಬಿಡು. ದೇವರಿಗೆ ಅಭ್ಯಾಸ ಇದೆ."

*

ಭಾನುವಾರ ಮೇಲಿನ ಬಾಗಿಲು ತೆರೆದಿತ್ತು. ದ್ವೀಪದ ಹೆಂಗಸರು ಹೂವಿನ ಚಿತ್ತಾರದ ಉದ್ದ ಅಂಗಿ ತೊಟ್ಟು, ಮುಡಿಗೆ ಚಿಪ್ಪಿನ ಸರ ಸುತ್ತಿ ಬಂದಿದ್ದರು. ಬೆಂಚಿಗೆ ಇಬ್ಬಿಬ್ಬರಂತೆ ಕೂರಿಸಿದರು. ಬುಬುವನ್ನು ಎಲ್ಲರಿಗಿಂತ ಮುಂದೆ ಕೂರಿಸಿದರು, ಬಿಳಿ ತಲೆ ಚೆನ್ನಾಗಿ ಕಾಣುತ್ತದೆಂದು.

ಪರೀಕ್ಷೆಗೆ ಬಂದಾಕೆ ಶ್ರೀಮತಿ ಪ್ರೂಯಿಟ್. ತೆಳ್ಳಗೆ, ಬೆಳ್ಳಗೆ, ಸದಾ ನಗುಮುಖ. ವೇದಿಕೆಯಿಂದ ಕೇಳಿದಳು.

"ಈ ಸಭೆಯಲ್ಲಿ ಒಬ್ಬರ ಭಾರ ಒಬ್ಬರು ಹೊರ್ತಾರಾ? ಹೌದು ಅನ್ನೋರು ಕೈ ಎತ್ತಿ."

ಗುಡಿಯ ತುಂಬ ಕೈಗಳು ಎದ್ದವು. ಕಿಮಿಯೆಯ ಕೈಯೂ ಎದ್ದಿತು. "ಎತ್ತೇ, ಲೊರೀನ್ ನೋಡ್ತಿದಾಳೆ" ಎಂದು ಪಿಸುಗುಟ್ಟಿದಳು.

ಹೆರ್ತೀನಾ ನೋಡುತ್ತ ಕುಳಿತಳು. ಇಲ್ಲಿ ಎತ್ತಿದ ಕೈಗಳನ್ನು ತಕ್ಷಣ ಎಣಿಸುತ್ತಿದ್ದರು. ಒಂದನ್ನೂ ಬಿಡದೆ ಎಣಿಸುತ್ತಿದ್ದರು. ಯಾರೂ ಗಡಿಯಾರ ನೋಡಲಿಲ್ಲ. ಅವಳ ಎಡಗೈ ಮಡಿಲಲ್ಲಿ ಕಲ್ಲಿನಂತೆ ಬಿದ್ದಿತ್ತು.

ಕೀರ್ತನೆಯಾಯಿತು. ಬೋಗುಣಿಗಳು ಬಂದವು. ಗಂಡಸರು ಬಲಗಡೆ, ಹೆಂಗಸರು ಎಡಗಡೆ. ಲೊರೀನ್ ಸೊಂಟಕ್ಕೆ ಬಿಳಿ ಟವೆಲ್ ಕಟ್ಟಿಕೊಂಡು ಹೆರ್ತೀನಾಳ ಎದುರು ಮಂಡಿಯೂರಿದಳು. ಶ್ರೀಮತಿ ಪ್ರೂಯಿಟ್ ಪಕ್ಕದಲ್ಲೇ ಬಂದು ನಿಂತಳು. ಪಾಸ್ಟರ್ ಮೈಕು ಹಿಡಿದು ಕಾಯುತ್ತಿದ್ದರು.

ಲೊರೀನ್ ಅವಳ ಬಲಗಾಲಿನ ಬೂಟು ಕಳಚಿದಳು. ಕಾಲ್ಚೀಲ ಎಳೆದಳು. ಅದು ಗಾಯಕ್ಕೆ ಅಂಟಿಕೊಂಡಿತ್ತು, ಹಕ್ಕಳೆಯ ಸಮೇತ ಬಂತು. ನಾತ ಎದ್ದಿತು. ಶ್ರೀಮತಿ ಪ್ರೂಯಿಟ್ ಅರ್ಧ ಹೆಜ್ಜೆ ಹಿಂದೆ ಸರಿದಳು. ನಗುಮುಖ ಹಾಗೇ ಇತ್ತು.

"ತೊಳ್ಕೊಂಡ್ ಬಾ ಅಂದಿದ್ನಲ್ಲ" ಲೊರೀನ್ ಹಲ್ಲು ಕಚ್ಚಿ ಪಿಸುಗುಟ್ಟಿದಳು. ಎಡಗಾಲಿನದನ್ನೂ ಕಳಚಿ ಎರಡು ಪಾದಗಳನ್ನೂ ನೀರಿಗೆ ಇಳಿಸಿದಳು. ನೀರು ಬಣ್ಣ ತಿರುಗಿತು. ಅವಳ ಬೆರಳು ಸೀಳಿನ ಮೇಲೆ ನಿಂತಿತು. "ಇನ್ನೂ ಹೀಗೇ ಇದ್ಯಾ? ನಿನ್ ಬೂಟೊಳಗೆ ನೀರು ನುಗ್ಗುತ್ತಾ?"

"ನೀರಲ್ಲ ಲೊರೀನ್. ಮಂಗಳವಾರದ್ದು."

ಲೊರೀನಳ ಕೈ ನೀರೊಳಗೇ ನಿಂತಿತು. ತಲೆ ಎತ್ತಲಿಲ್ಲ. ಅವಳ ಕತ್ತು, ಕಿವಿ ಎಲ್ಲ ಕೆಂಪಾಯಿತು. ಬಹಳ ಸಣ್ಣ ದನಿಯಲ್ಲಿ ಹೇಳಿದಳು.

"ಡೈಪರ್ ನಾನೂ ಹಾಕ್ಕೋತೀನಿ ಕಣೇ. ನೀನ್ ಹುಟ್ಟೋಕ್ಕೂ ಮುಂಚೆಯಿಂದ. ಈಗ್ಲೂ ಹಾಕ್ಕೊಂಡಿದೀನಿ, ಅಭ್ಯಾಸ. ಬೆಲ್ಟು ನಿಂತ್ರೆ ನನ್ ತಲೆ ಹೋಗುತ್ತೆ. ನನ್ ಯಾರ್ ಕೇಳಿದ್ರು?"

ಒಂದು ಗಳಿಗೆ ಹೆರ್ತೀನಾಳ ಸಿಟ್ಟಿಗೆ ನಿಲ್ಲಲು ನೆಲ ಸಿಗಲಿಲ್ಲ. ಎದುರಿಗಿದ್ದದ್ದು ನರೆತ ತಲೆ, ಬೈತಲೆಯಲ್ಲಿ ಬೋಳು. ಕತ್ತಿ ಹಿಡಿದು ಹಿಡಿದು ಸೊಟ್ಟಗಾದ ಬೆರಳುಗಳು. ತನ್ನ ಬೆರಳುಗಳೂ ಹೀಗೇ ಆಗುತ್ತವೆ. ಆಮೇಲೆ ಸಿಟ್ಟು ವಾಪಸು ಬಂತು. ಮೊದಲಿಗಿಂತ ತಣ್ಣಗೆ, ಮೊದಲಿಗಿಂತ ಗಟ್ಟಿಯಾಗಿ.

"ಹಾಗಾದ್ರೆ ನಿಂಗೆ ಗೊತ್ತಿತ್ತು."

ಅವಳು ಪಾದಗಳನ್ನು ಬೋಗುಣಿಯಿಂದ ಹೊರಗೆ ತೆಗೆದಳು. ಲೊರೀನ್ ಹಿಡಿಯಲು ಹೋದಳು. ಹೆರ್ತೀನಾ ಕಾಲು ಎಳೆದುಕೊಂಡಳು. ನೀರು ಜಮಖಾನದ ಮೇಲೆ ಚೆಲ್ಲಿತು.

"ತೊಳೀಬೇಡ."

"ಹೆರ್ತೀನಾ, ಎಲ್ರೂ ನೋಡ್ತಿದಾರೆ."

"ನೋಡ್ಲಿ. ನೋಡೋಕೇ ತಾನೇ ಬಂದಿರೋದು?"

ಪಾಸ್ಟರ್ ಡೆನ್ನಿ ನಗುತ್ತ ಮುಂದೆ ಬಂದರು. "ನಮ್ಮ ಹೆರ್ತೀನಾ ಸಾಕ್ಷಿ ಹೇಳ್ತಾಳೆ" ಎಂದು ಮೈಕನ್ನು ಅವಳ ಕೈಗೆ ಕೊಟ್ಟರು. ಅವರಿಗೆ ಬೇರೇನೂ ತೋಚಲಿಲ್ಲ.

ಹೆರ್ತೀನಾ ಎದ್ದು ನಿಂತಳು. ಎರಡೇ ಮಾತು ಎಂದಿದ್ದರು.

"ನಂಗೆ ಒಂದಕ್ಕೆ ಬರ್ತಿದೆ" ಎಂದಳು.

ಎಲ್ಲೋ ಒಂದು ಮಗು ಕಿಸಕ್ಕೆಂದಿತು.

"ಈ ಮನೇಲಿ ನಾವು ಎರಡು ವರ್ಷದಿಂದ ಪ್ರಾರ್ಥನೆ ಮಾಡ್ತಿದೀವಿ. ಒಂದು ಸಲಾನೂ ಇಲ್ಲಿ ಒಂದಕ್ಕೆ ಹೋಗಿಲ್ಲ. ನಮ್ಮ ಬುಬು ಹೆದ್ದಾರಿ ದಾಟಿ ಪೆಟ್ರೋಲ್ ಬಂಕಿಗೆ ಹೋಗ್ತಾಳೆ. ಕಾರ್ಖಾನೇಲಿ ಕೈ ಎತ್ತಿ ನಿಂತ್ಕೋತೀವಿ. ಅಲ್ಲಿ ನಮ್ಮನ್ನ ನೋಡಿ ಮುಖ ತಿರುಗಿಸೋರು ಇಲ್ಲಿ ಮುಂದಿನ ಬೆಂಚಲ್ಲಿ ಕೂತಿದಾರೆ. ಮಂಗಳವಾರ ನಾನು ನಿಂತಲ್ಲೇ ಮಾಡ್ಕೊಂಡೆ. ಅದರಲ್ಲೇ ನಿಂತು ನಿಮ್ ಭಾನುವಾರದ ಕೋಳಿ ಕುಯ್ದೆ." ಅವಳು ಪಾಸ್ಟರ್ ಕಡೆ ತಿರುಗಿದಳು. "ಈ ಸಭೆ ನನ್ನ ಹೇಗೆ ಬೆಳೆಸಿತು ಅಂತ ಹೇಳ್ಬೇಕಂತೆ. ಕಟ್ಕೊಳ್ಳೋದು ಕಲಿಸ್ತು. ಅಷ್ಟೇ ಸಾಕ್ಷಿ. ಕಟ್ಕೊಂಡಿದ್ ಸಾಕು. ನಾನ್ ಹೋಗ್ತಿದೀನಿ. ಯಾರನ್ನೂ ಕೇಳ್ತಿಲ್ಲ."

ಮೈಕನ್ನು ಬೆಂಚಿನ ಮೇಲಿಟ್ಟಳು. ಬರಿಗಾಲಲ್ಲಿ ನಡೆದಳು. ಕೆಂಪು ಜಮಖಾನದ ಉದ್ದಕ್ಕೂ ಒದ್ದೆ ಹೆಜ್ಜೆ ಮೂಡಿತು. ಪಾಸ್ಟರ್ ಆರ್ಗನ್ನಿನ ಕಡೆ ಕೈ ಬೀಸಿದರು. ಆರ್ಗನ್ನು ಜೋರಾಗಿ ಶುರುವಾಯಿತು.

ಮೇಲಿನ ಪಾಯಿಖಾನೆಯಲ್ಲಿ ಒಣಹೂವಿನ ಬುಟ್ಟಿಯಿತ್ತು. ಪರಿಮಳದ ಮೇಣದಬತ್ತಿಯಿತ್ತು. ಮೆತ್ತನೆಯ ಕುರ್ಚಿಯಿತ್ತು. ಬೆಚ್ಚಗಿತ್ತು. ಹೆರ್ತೀನಾ ಚಿಲಕ ಹಾಕಿ ಕೂತಳು. ಅವಸರ ಮಾಡಲಿಲ್ಲ. ಬಂದದ್ದು ಬರೀ ಒಂದಕ್ಕೆ, ಆದರೆ ಅಳುವೂ ಬಂತು. ಅದಕ್ಕೂ ಅವಸರ ಮಾಡಲಿಲ್ಲ.

ಬಾಗಿಲ ಮೇಲೆ ಕೋಲಿನ ಸದ್ದು.

"ಮುಗೀತೇನೇ? ನಾನೂ ಬಂದಿದೀನಿ."

ಬಾಗಿಲು ತೆರೆದಳು. ಬುಬು ನಿಂತಿದ್ದಳು. ಬುಬುವಿನ ಹಿಂದೆ ಕಿಮಿಯೆ. ಕಿಮಿಯೆಯ ಹಿಂದೆ ಮುಡಿಗೆ ಚಿಪ್ಪಿನ ಸರ ಸುತ್ತಿದ ಹೆಂಗಸರು, ಒಬ್ಬರ ಹಿಂದೊಬ್ಬರು, ಓಣಿಯುದ್ದಕ್ಕೂ, ಗುಡಿಯ ಬಾಗಿಲವರೆಗೂ. ಆಚೆ, ಉಪ್ಪು ಉದುರಿಸಿದ್ದ ಬೆಂಚುಗಳಲ್ಲಿ ಅಲ್ಲಲ್ಲಿ ಖಾಲಿ ಜಾಗ ಕಾಣುತ್ತಿತ್ತು.

"ಬೇಗ ಬಾರೇ ಆಚೆ" ಎಂದಳು ಕಿಮಿಯೆ. ಕಣ್ಣು ಒದ್ದೆಯಾಗಿತ್ತು. "ಎಲ್ರೂ ಎರಡು ವರ್ಷದ್ದು ಕಟ್ಕೊಂಡಿದೀವಿ."

*

ಊಟಕ್ಕೆ ಮುಂಚೆ ಶ್ರೀಮತಿ ಪ್ರೂಯಿಟ್ ತೀರ್ಪು ಹೇಳಿದಳು. ಸಭೆಯ ಆರೋಗ್ಯ ಚೆನ್ನಾಗಿದೆ. ಹೋದ ಸಲಕ್ಕಿಂತ ಬೆಳೆದಿದೆ. ಹೊಸ ಆತ್ಮಗಳು ಬಹಳ ಸೇರಿವೆ. ಮರ ಚಿಗುರಿದೆ. ಆರಾಧನೆಯ ಹೊತ್ತಿನ ಶಿಸ್ತಿನ ಕಡೆ ಮಾತ್ರ ಸ್ವಲ್ಪ ಗಮನ ಕೊಡಬೇಕು. ಪಾಸ್ಟರ್ ಡೆನ್ನಿ ಕಣ್ಣೊರೆಸಿಕೊಂಡರು. ಮೇಲಿನವರು ಆಮೆನ್ ಎಂದರು.

ಕಾರಿನ ಬಳಿ ಹೆರ್ತೀನಾ ಆಕೆಯನ್ನು ತಡೆದಳು.

"ನನ್ನ ಕಳೀರಿ."

"ಏನಮ್ಮ?"

"ಲೆಕ್ಕದಿಂದ. ನನ್ನ ಕಳೀರಿ. ನನ್ ಹೊಟ್ಟೇಲಿರೋದನ್ನೂ."

ಶ್ರೀಮತಿ ಪ್ರೂಯಿಟ್ ಅವಳ ಭುಜ ಮುಟ್ಟಿದಳು. ಮೆಲ್ಲಗೆ, ಪ್ರೀತಿಯಿಂದ. "ಆತ್ಮಗಳನ್ನ ಹಾಗೆಲ್ಲ ಕಳೆಯೋಕಾಗಲ್ಲಮ್ಮ. ಎಲ್ಲ ಬರೆದಾಯ್ತಲ್ಲ. ನೀನು ಧೈರ್ಯವಾಗಿ ಮಾತಾಡಿದೆ. ಅದೂ ಆರೋಗ್ಯದ ಲಕ್ಷಣಾನೇ, ಅದನ್ನೂ ಬರ್ದಿದೀನಿ." ಕಾರು ಹತ್ತಿದಳು. ಗಾಜು ಏರಿಸಿದಳು. ಗಾಜಿನ ಹಿಂದಿನಿಂದ ನಗುತ್ತ ಕೈ ಬೀಸಿದಳು.

ಹೆರ್ತೀನಾ ಒಂದು ಕಲ್ಲು ಎತ್ತಿಕೊಂಡಳು. ಎಸೆಯಲಿಲ್ಲ. ಕೈಯಲ್ಲೇ ಹಿಡಿದುಕೊಂಡು ಮನೆಯವರೆಗೂ ನಡೆದಳು. ದಾರಿಯಲ್ಲಿ ಕಿಮಿಯೆ ಹೇಳಿದಳು, ಸಾಲಿನ ಕೊನೆಯವಳು ಹೊರಗೆ ಬಂದ ತಕ್ಷಣ ಯಾರೋ ಪಾಯಿಖಾನೆಗೆ ಬೀಗ ತಂದು ಹಾಕಿದರಂತೆ.

*

ಸೋಮವಾರ. ಬೆಲ್ಟು ಓಡುತ್ತಿತ್ತು. ಲೊರೀನ್ ಕಟ್ಟೆಯ ಮೇಲಿದ್ದಳು. ಬೆಳಗಿನಿಂದ ಹೆರ್ತೀನಾಳ ಕಡೆ ನೋಡಿರಲಿಲ್ಲ. ಯಾರೂ ಏನೂ ಅಂದಿರಲಿಲ್ಲ. ಬಟ್ಟೆ ಬದಲಿಸುವ ಕೋಣೆಯ ಬೆಂಚಿನ ಮೇಲೆ ಡೈಪರಿನ ಚೀಲ ಹಾಗೇ ಬಿದ್ದಿತ್ತು.

ರೆಕ್ಕೆಯ ಸಂದಿಗೆ ಕತ್ತಿ. ತಿರುವು. ಎಳೆ. ಮಗು ಒದೆಯಿತು. ಮತ್ತೆ ಒದೆಯಿತು.

ಹೆರ್ತೀನಾ ಎಡಗೈ ಎತ್ತಲು ಹೋದಳು. ಅಭ್ಯಾಸ. ಕೈ ಎದೆಯವರೆಗೆ ಬಂದಿತ್ತು. ಅಲ್ಲೇ ನಿಲ್ಲಿಸಿದಳು. ಕತ್ತಿ ಕೆಳಗಿಟ್ಟಳು. ಗ್ಲೌಸು ಕಳಚಿದಳು. ಒಂದು, ಆಮೇಲೆ ಇನ್ನೊಂದು. ಏಪ್ರನ್ ಬಿಚ್ಚಿ ಕೊಕ್ಕೆಗೆ ಹಾಕಿದಳು. ಅವಳ ಜಾಗದ ಕೋಳಿ ಕುಯ್ಯದೆ ಮುಂದೆ ಹೋಯಿತು. ಅದರ ಹಿಂದಿನದೂ ಹೋಯಿತು. ಕಿಮಿಯೆ ನೋಡಿದಳು. ಮುಂದೆ ಹೋದ ಕೋಳಿಗೆ ಕೈ ಚಾಚಲಿಲ್ಲ.

ಲೊರೀನ್ ಏನೋ ಕೂಗಿದಳು. ಯಂತ್ರಗಳ ಸದ್ದಿನಲ್ಲಿ ಏನೂ ಕೇಳಿಸಲಿಲ್ಲ. ಇನ್ನೂ ಜೋರಾಗಿ ಕೂಗಿದಳು. ಆಮೇಲೆ ಕಟ್ಟೆಯ ಅಂಚಿಗೆ ಬಂದು, ಬೇರೆ ದಾರಿ ಕಾಣದೆ, ಎಡಗೈ ಮೇಲೆತ್ತಿ ನಿಂತಳು.

ಹೆರ್ತೀನಾ ನೋಡಿದಳು. ನೋಡಿದ್ದನ್ನು ಲೊರೀನ್ ನೋಡಿದಳು.

ಹೆರ್ತೀನಾ ಗೋಡೆಯ ಗಡಿಯಾರದ ಕಡೆ ಒಮ್ಮೆ ಕಣ್ಣು ಹಾಯಿಸಿ ಮುಖ ತಿರುಗಿಸಿದಳು. ಒಂದಕ್ಕೆ ಹೋದಳು.